ತವರಿನ ಸೋರೆಕಾಯಿ

ಪುಟ್ಟಮಲ್ಲಮ್ಮ ಹೆಚ್ಚುತ್ತಿದ್ದ ಸೋರೆಕಾಯಿಯ ಒಂದು ಹೋಳನ್ನು ಶರತ್ ಬಾಯಿಗೆ ಹಾಕಿಕೊಳ್ಳದೆ ಸುಮ್ಮನಿದ್ದಿದ್ದರೆ ಆ ಭಾನುವಾರ ಹುಣಸೂರಿನ ಆ ಬೀದಿ ತಣ್ಣಗಿರುತ್ತಿತ್ತು. ಹೋಳು ಕಹಿಯಾಗಿತ್ತು. ಶರತ್ ಕಾಲೇಜಿನಲ್ಲಿ ರಸಾಯನಶಾಸ್ತ್ರದ ಮೇಷ್ಟ್ರು, ಪುಟ್ಟಮಲ್ಲಮ್ಮನ ಮಹಡಿಯ ಬಾಡಿಗೆದಾರ. ಗೊತ್ತಿದ್ದದ್ದನ್ನು ಹೇಳದೆ ಇರುವುದು ಅವನ ಜಾಯಮಾನವಲ್ಲ.

“ಇದರಲ್ಲಿ ಕುಕುರ್ಬಿಟಾಸಿನ್ ಇದೆ, ಟ್ರೈಟರ್ಪೀನ್ ಜಾತಿಯ ವಿಷ. ಬೇಯಿಸಿದ್ರೂ ಹೋಗಲ್ಲ. ಯಾರೂ ಒಂದು ಚೂರೂ ಬಾಯಿಗಿಡ್ಬೇಡಿ,” ಎಂದ.

ಆ ಕಾಯಿಯನ್ನು ತವರೂರು ಕಟ್ಟೆಮಳಲವಾಡಿಯಿಂದ ತಂದಿದ್ದವನು ಪುಟ್ಟಮಲ್ಲಮ್ಮನ ಅಣ್ಣ ಸಣ್ಣಬೀರಯ್ಯ. ಎಷ್ಟೋ ವರ್ಷದ ಮುನಿಸು ಮರೆತು ಅಂದೇ ತಂಗಿಯ ಮನೆಗೆ ಬಂದು ಜಗಲಿಯ ಮೇಲೆ ಕೂತಿದ್ದ.

“ತಂಗಿಗೆ ಇಸ ತಂದ್ಕೊಟ್ಟೆ ಅಂತೀರಾ ಮೇಷ್ಟ್ರೇ?” ಎಂದು ಎದ್ದು ನಿಂತ.

ಪಕ್ಕದ ಮನೆಯ ಬಷೀರಾಬಿಗೆ ಗೋಡೆಯಾಚೆ ಕೇಳಿಸಿದ್ದು ವಿಷ ಎಂಬ ಒಂದೇ ಮಾತು. ಅದು ಒಗ್ಗರಣೆಯ ಘಾಟಿನ ಹಾಗೆ ಬೀದಿಗೆಲ್ಲ ಹರಡಿ, ಬಾಗಿಲಲ್ಲಿ ಜನ ಸೇರಿತು. ಸಣ್ಣಬೀರಯ್ಯ ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡು ಬಸ್ಸಿಗೆ ಹೊರಟೇಬಿಟ್ಟ. ಪುಟ್ಟಮಲ್ಲಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ತಲೆಕೆಟ್ಟು ಮಹಡಿ ಹತ್ತಿದ ಶರತ್ ಬಾಳೆಹಣ್ಣು ಸುಲಿದು ಬಾಯಿಗಿಟ್ಟ. ಅದೂ ಕಹಿ. ಆಗ ಹೊಳೆಯಿತು: ಬೆಳಿಗ್ಗೆಯಿಂದ ಪ್ರಯೋಗಕ್ಕೆಂದು ಬೇವಿನ ಬೀಜ ಜಜ್ಜುತ್ತಿದ್ದ ಬೆರಳುಗಳಿವು. ಬೇವಿನ ಕಹಿಯೂ ಟ್ರೈಟರ್ಪೀನ್ ವಂಶದ್ದೇ, ಸೋರೆಯ ವಿಷಕ್ಕೆ ದೂರದ ದಾಯಾದಿ. ಪಾಪ, ಕಾಯಿಯದೇನೂ ತಪ್ಪಿಲ್ಲ.

ಸೋಪು ಹಾಕಿ ಕೈ ತೊಳೆದು, ಓಡಿಹೋಗಿ ಸಣ್ಣಬೀರಯ್ಯನನ್ನು ಬಸ್ಸಿನಿಂದ ಇಳಿಸಿ ಕರೆತಂದ. ನೆರೆದವರಿಗೆಲ್ಲ ಬೇವಿನ ಕತೆ ಹೇಳಿ ಅದೇ ಕಾಯಿಯ ಹುಳಿ ಮಾಡಿಸಿದ. ಆದರೂ ಯಾರೂ ತಟ್ಟೆ ಮುಟ್ಟಲಿಲ್ಲ. ತಾನೇ ಮೊದಲು ಉಣ್ಣುತ್ತೇನೆಂದು ಬಟ್ಟಲು ತುಂಬ ಬಡಿಸಿಕೊಂಡ. ಹುಳಿ ಕಹಿಯಾಗಿಯೇ ಇತ್ತು. ಅದು ನಾಲಿಗೆಯಲ್ಲಿ ಉಳಿದ ಬೇವೆಂದು ವಿವರಿಸುತ್ತಲೇ ಎರಡನೇ ಬಟ್ಟಲನ್ನೂ ಮುಗಿಸಿದ.

ಉಳಿದವರು ಅನ್ನ ಕಲಸುವಷ್ಟರಲ್ಲಿ ಅವನ ಹೊಟ್ಟೆ ರಾಗಿಕಲ್ಲಿನ ಹಾಗೆ ತಿರುಗತೊಡಗಿತು. ಬೆರಳೂ ಕಹಿ, ಕಾಯಿಯೂ ಕಹಿ.

ಸಂಜೆ ಆಸ್ಪತ್ರೆಯಲ್ಲಿ ಗ್ಲೂಕೋಸ್ ಬಾಟಲಿಯ ಕೆಳಗೆ ಮಲಗಿದ್ದವನ ಕೈಯನ್ನು ಸಣ್ಣಬೀರಯ್ಯ ಹಿಡಿದುಕೊಂಡ. “ಇಸ ಅಂತ ಗೊತ್ತಿದ್ದೂ ನನ್ ಮಾನ ಉಳ್ಸೋಕೆ ತಿಂದ್ರಿ. ನಿಮ್ಮಂಥೋರು ಇಲ್ಲ ಬುಡಿ,” ಎಂದ. ಅವನ ಕಣ್ಣು ತುಂಬಿತ್ತು.

ನಿಜ ಹೇಳಲು ಶರತ್ ಬಾಯಿ ತೆರೆದ. ಬಂದದ್ದು ವಾಂತಿ ಮಾತ್ರ.

ಅಷ್ಟರಲ್ಲಿ ಬಷೀರಾಬಿ ಒಳಗೆ ಬಂದಳು. ಅವಳ ಹಿಂದೆ ಅರ್ಧ ಬೀದಿಯೇ ಇತ್ತು, ಎಲ್ಲರ ಕಂಕುಳಲ್ಲೂ ಒಂದೊಂದು ಸೋರೆಕಾಯಿ.

“ಅವಸರ ಏನಿಲ್ಲ ಮೇಷ್ಟ್ರೇ,” ಎಂದಳು ಬಷೀರಾಬಿ, “ವಾಂತಿ ನಿಂತ್ಮೇಲೆ ನಮ್ಮನೇದೂ ಒಂಚೂರು ತಿಂದು ನೋಡ್ಬುಡಿ.”