ಹನ್ನೊಂದು ಅಮರ ಸಪೋಟಗಳು

ನಮ್ಮ ಮನೆಯಲ್ಲಿ ಇನ್ನು ಮುಂದೆ ಒಂದೇ ಒಂದು ಹಣ್ಣೂ ಕೊಳೆಯಕೂಡದು! ಊಟದ ಮೇಜಿನ ಮುಂದೆ ನಿಂತು ನಾನು ಹೀಗೆ ಘೋಷಿಸಿದಾಗ ನನ್ನ ಕೈಯಲ್ಲೊಂದು ಸೀಸೆಯಿತ್ತು, ಮುಖದಲ್ಲಿ ಲೋಕೋದ್ಧಾರಕನ ಕಳೆಯಿತ್ತು. ಹೆಂಡತಿಯ ಕೈಯಲ್ಲಿ ಪೊರಕೆಯಿತ್ತು.

ಹಣ್ಣು ಕೊಳ್ಳುವ ಜನರನ್ನು ಕಂಡರೆ ನನಗೆ ಮೊದಲಿಂದಲೂ ತಾತ್ಸಾರ. ಅಂಗಡಿಗೆ ಹೋಗುತ್ತಾರೆ, ಬುಟ್ಟಿಯಲ್ಲಿರುವುದನ್ನೆಲ್ಲ ಹಿಸುಕಿ ಗಾಯ ಮಾಡುತ್ತಾರೆ, ಆಮೇಲೆ ಗಾಯವಾಗದ್ದನ್ನು ಆರಿಸಿ ತರುತ್ತಾರೆ. ತಂದದ್ದನ್ನು ಫ್ರಿಜ್ಜಿನ ತಳಕ್ಕೆ ತಳ್ಳಿ ಮರೆಯುತ್ತಾರೆ. ಹತ್ತು ದಿನದ ಮೇಲೆ ಮೂಗು ಮುಚ್ಚಿಕೊಂಡು ಕಸದ ಡಬ್ಬಿಗೆ ಸುರಿದು, ‘ಈಗಿನ ಹಣ್ಣುಗಳೇ ಸರಿಯಿಲ್ಲ’ ಎನ್ನುತ್ತಾರೆ. ಹಣ್ಣು ಸರಿಯಾಗೇ ಇದೆ ಸ್ವಾಮಿ, ತಲೆ ಸರಿಯಿಲ್ಲ!

ಇಂಥವರಿಂದ ಹಣ್ಣುಗಳನ್ನು ಕಾಪಾಡುವುದಕ್ಕೇ ನಮ್ಮ ಪ್ರಯೋಗಾಲಯವಿದೆ. ಯೀಸ್ಟಿಗೆ ಹೊಸದೊಂದು ಜೀನು ಸೇರಿಸಿ, ಅದು ತಯಾರಿಸುವ ಪ್ರೋಟೀನಿನಿಂದ ನಾವೊಂದು ದ್ರಾವಣ ಮಾಡಿದ್ದೇವೆ. ಹಣ್ಣನ್ನು ಅದರಲ್ಲಿ ಅದ್ದಿ ತೆಗೆದರೆ ಕಣ್ಣಿಗೆ ಕಾಣದ ಪೊರೆ ಕೂರುತ್ತದೆ. ಮಾಗುವುದು ಅಲ್ಲಿಗೇ ನಿಲ್ಲುತ್ತದೆ. ವಾರಕ್ಕೆ ಕೊಳೆಯಬೇಕಾದದ್ದು ತಿಂಗಳು ಬಾಳುತ್ತದೆ. ಹೊಟ್ಟೆಗೆ ಹೋದರೂ ತೊಂದರೆಯಿಲ್ಲ. ಈ ಮಹಾಕಾರ್ಯದಲ್ಲಿ ನನ್ನ ಪಾಲೇನು ಎಂದಿರಾ? ಸೀಸೆಯ ಮೇಲೆ ಬಳಕೆಯ ಸೂಚನೆ ಬರೆದವನು ನಾನು! ನಗಬೇಡಿ. ಅಕ್ಷರ ಸಣ್ಣದು, ಕೆಲಸ ದೊಡ್ಡದು.

ಆ ಶನಿವಾರ ಮಾವನವರು ಪರಿಚಯದವರ ಕೈಯಲ್ಲಿ ಒಂದು ಚೀಲ ಸಪೋಟ ಕಳಿಸಿದ್ದರು. ಅತ್ತೆ ಬದುಕಿದ್ದಾಗ ಹಿತ್ತಲಲ್ಲಿ ನೆಟ್ಟ ಗಿಡ. ಎಂಟು ವರ್ಷ ಬರೀ ಎಲೆ ತೋರಿಸಿ ಈ ಸಲ ಮೊದಲ ಬಾರಿಗೆ ಕಾಯಿ ಬಿಟ್ಟಿತ್ತು. ಮಾವ ಫೋನಿನಲ್ಲಿ ಮಗಳಿಗೆ ಹೇಳಿದರು: “ಮರದಲ್ಲಿದ್ದದ್ದೇ ಹನ್ನೆರಡು ಕಣಮ್ಮ. ಎಲ್ಲ ಕಳಿಸಿದೀನಿ. ನಾನಿನ್ನೂ ಬಾಯಿಗೆ ಹಾಕಿಲ್ಲ. ಮುಂದಿನ ಭಾನುವಾರ ಬರ್ತೀನಿ, ಅಷ್ಟರಲ್ಲಿ ಹಣ್ಣಾಗಿರುತ್ತೆ. ನಿಮ್ಮಮ್ಮನ ಹೆಸರು ಹೇಳಿ ಒಟ್ಟಿಗೆ ತಿನ್ನೋಣ.”

ಚೀಲ ಬಿಚ್ಚಿ ಎಣಿಸಿದೆ. ಹನ್ನೊಂದು!

“ಮೂವತ್ತು ವರ್ಷ ಲೆಕ್ಕದ ಮೇಷ್ಟ್ರಾಗಿದ್ರಂತೆ ನಿಮ್ಮಪ್ಪ! ಹನ್ನೆರಡರ ತನಕ ಎಣಿಸೋಕೆ ಬರಲ್ವಾ?”

ಹೆಂಡತಿ ಏನೂ ಹೇಳಲಿಲ್ಲ. ಅವಳು ಸುಮ್ಮನಿದ್ದಾಗಲೆಲ್ಲ ನಾನು ಗೆದ್ದೆ ಎಂದುಕೊಳ್ಳುವುದು ನನ್ನ ಹಳೆಯ ಚಾಳಿ.

“ಇವನ್ನ ಹಾಗೇ ಬಿಟ್ರೆ ಬುಧವಾರಕ್ಕೆ ಮೆತ್ತಗಾಗಿ ಶುಕ್ರವಾರಕ್ಕೆ ಕೊಳೆಯುತ್ತೆ. ನಿಮ್ಮಪ್ಪ ಬಂದಾಗ ತೊಟ್ಟು ಕೊಡ್ತೀಯಾ? ಇಲ್ಲಿ ಕೊಡು, ಅದ್ದಿಡ್ತೀನಿ.”

“ರೀ, ಬೇಡ. ಹೋದ ಸಲ ನಿಮ್ಮ ಆಫೀಸಿನ ಪುಡಿ ಹಾಕಿ ಮೊಸರನ್ನ ರಬ್ಬರ್ ಮಾಡಿದ್ರಿ.”

“ಅದು ಪ್ರಯೋಗ. ಇದು ವಿಜ್ಞಾನ!”

ಅದ್ದಿದೆ. ಒಂದೊಂದನ್ನೂ ಮೂರು ಮೂರು ಸಲ ಅದ್ದಿದೆ. ಅಳಿಯನ ಭಕ್ತಿಯಲ್ಲಿ ಕೊರತೆ ಕಾಣಬಾರದಲ್ಲ! ಅಡುಗೆಮನೆಯ ಕಿಟಕಿಯ ಬಳಿ ಸಾಲಾಗಿ ಇಟ್ಟು, ದಿನಾ ಬೆಳಿಗ್ಗೆ ಹಲ್ಲುಜ್ಜುತ್ತಾ ಹೋಗಿ ನೋಡಿ ಹಿಗ್ಗಿದೆ. ಭಾನುವಾರ ಹೇಗಿತ್ತೋ ಗುರುವಾರವೂ ಹಾಗೇ! ಒಂದು ಸುಕ್ಕಿಲ್ಲ, ಒಂದು ಕಲೆಯಿಲ್ಲ.

ಶುಕ್ರವಾರ ಹೆಂಡತಿ ಒಂದನ್ನು ಒತ್ತಿ ನೋಡಿದಳು. ಆಮೇಲೆ ಅದನ್ನು ಮೇಜಿಗೆ ಕುಟ್ಟಿದಳು. ಟಕ್ ಎಂದಿತು.

“ರೀ, ಈ ಸೀಸೆ ಮೇಲೆ ಏನೋ ಬರೆದಿದೆ. ‘ಸಂಪೂರ್ಣ ಹಣ್ಣಾದ ಮೇಲೆ ಮಾತ್ರ ಬಳಸಿ. ಕಾಯಿಗೆ ಬಳಸಿದರೆ ಅದು ಕಾಯಾಗಿಯೇ ಉಳಿಯುವುದು.’ ಎಷ್ಟು ಸ್ಪಷ್ಟವಾಗಿ ಬರೆದಿದಾರೆ ನೋಡಿ. ಯಾರು ಬರೆದಿದ್ದು?”

ಆ ಸೂಚನೆಯನ್ನು ಲೋಕವೇ ಓದಬೇಕೆಂದು ನಾನು ಹಟ ಹಿಡಿದು ಕೆಂಪು ಅಕ್ಷರದಲ್ಲಿ ಅಚ್ಚು ಹಾಕಿಸಿದ್ದೆ. ಬರೆದವನು ಮತ್ತೆ ಯಾಕೆ ಓದುತ್ತಾನೆ? ಸೂಚನೆ ಓದುವುದು ಸಾಮಾನ್ಯರ ಕೆಲಸವಲ್ಲವೇ!

ಉಳಿದದ್ದು ಎರಡೇ ದಿನ. ಹನ್ನೊಂದನ್ನೂ ಬಿಸಿನೀರಲ್ಲಿ ತಿಕ್ಕಿ ತೊಳೆದೆ, ಪೊರೆ ಜಗ್ಗಲಿಲ್ಲ. ಅಕ್ಕಿ ಡಬ್ಬಿಯಲ್ಲಿ ಹೂತಿಟ್ಟೆ. ಬಾಳೆಹಣ್ಣಿನ ಜೊತೆ ಕಾಗದದಲ್ಲಿ ಸುತ್ತಿಟ್ಟೆ. ಬಾಳೆಹಣ್ಣು ಕೊಳೆಯಿತು, ಇವು ಕದಲಲಿಲ್ಲ. ಕೂದಲು ಒಣಗಿಸುವ ಯಂತ್ರ ತಂದು ಬಿಸಿಗಾಳಿ ಬಿಟ್ಟೆ. ನಮ್ಮ ಮುಖ್ಯಸ್ಥರಿಗೇ ಫೋನ್ ಮಾಡಿ, “ಸಾರ್, ಪೊರೆ ತೆಗೆಯೋದು ಹೇಗೆ?” ಎಂದೆ. “ತೆಗೆಯೋಕೆ ಆಗಬಾರದು ಅಂತ ತಾನೇ ಆರು ವರ್ಷ ದುಡಿದಿದ್ದು? ಆಗಲ್ಲ ಬಿಡ್ರೀ!” ಎಂದು ಅವರು ಸಂಭ್ರಮಪಟ್ಟರು.

ಭಾನುವಾರ ಮಾವ ಬಂದರು. ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದಿದ್ದರು. ಹಣ್ಣು ತಿನ್ನುವುದಕ್ಕೆ ಇಸ್ತ್ರಿ! ಅದನ್ನು ಕಂಡು ನನಗೆ ನಿಜಕ್ಕೂ ಸಂಕಟವಾಯಿತು. ತಟ್ಟೆ ಮುಂದಿಟ್ಟೆ. ಅವರು ಚಾಕು ಊರಿದರು. ಅದು ಜಾರಿ ಮೇಜಿಗೆ ಬಡಿಯಿತು. ಮತ್ತೆ ಬಲ ಹಾಕಿ ಒಂದು ಚೂರು ಕಿತ್ತು, ಬಾಯಿಗಿಟ್ಟು, ಕಣ್ಣು ಮುಚ್ಚಿದರು. ಒಗರಿಗೆ ಅವರ ಮುಖವೆಲ್ಲ ಹಿಂಡಿದ ಬಟ್ಟೆಯಂತಾಯಿತು.

“ಚೆನ್ನಾಗಿದೆ” ಎಂದರು ಆ ದೊಡ್ಡ ಮನುಷ್ಯ, ಅಂಟಿಕೊಂಡ ತುಟಿ ಬಿಡಿಸಿಕೊಳ್ಳುತ್ತಾ. “ನಿಮ್ಮತ್ತೆಗೆ ಗಿಡ ಆರಿಸೋಕೆ ಬರ್ತಿರಲಿಲ್ಲ ಅನ್ಸುತ್ತೆ, ಪಾಪ.”

ನನಗೆ ತಡೆಯಲಾಗಲಿಲ್ಲ. “ಇಲ್ಲ ಮಾವ, ಗಿಡದ್ದೇನೂ ತಪ್ಪಿಲ್ಲ. ಹಾಳು ಮಾಡಿದ್ದು ನಾನು!” ಎಂದುಬಿಟ್ಟೆ. ಮದುವೆಯಾದ ಮೇಲೆ ನಾನು ಒಪ್ಪಿಕೊಂಡ ಮೊದಲ ತಪ್ಪು ಅದು.

ಹೆಂಡತಿ ಎದ್ದು ಒಳಗೆ ಹೋದಳು. ಬೀರು ತೆಗೆದ ಸದ್ದಾಯಿತು. ನನ್ನ ಉಣ್ಣೆ ಟೋಪಿಯನ್ನು ಎರಡೂ ಕೈಯಲ್ಲಿ ಹಿಡಿದು ತಂದು ಮಾವನ ಮುಂದೆ ಬಿಚ್ಚಿದಳು. ಕೋಣೆ ತುಂಬ ಪರಿಮಳ! ಬೆರಳು ಸೋಕಿದರೆ ತಗ್ಗುವಷ್ಟು ಮೆತ್ತಗಿನ ಸಪೋಟ.

“ಚೀಲ ಬಂದ ತಕ್ಷಣ ಒಂದನ್ನ ಎತ್ತಿಟ್ಟಿದ್ದೆ ಅಪ್ಪ. ಇವರು ಸಂಜೆ ಸೀಸೆ ತರ್ತೀನಿ ಅಂತ ಬೆಳಿಗ್ಗೇನೇ ಹೇಳಿದ್ರು.”

ಮೇಷ್ಟ್ರು ಅದನ್ನು ಮೂರು ಪಾಲು ಮಾಡಿದರು. ನನಗೂ ಒಂದು ಕೊಟ್ಟರು. ಸಕ್ಕರೆಯೂ ನಾಚಬೇಕು, ಹಾಗಿತ್ತು. ಮಾವ ಬೀಜಗಳನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಎದ್ದರು. “ಅಳಿಯಂದ್ರೇ, ಹನ್ನೊಂದಕ್ಕೆ ಒಂದು ಕೂಡಿಸಿದ್ರೆ ಎಷ್ಟು?” ಎಂದು ಕೇಳಿದರು.

“ಹನ್ನೆರಡು, ಮಾವ” ಎಂದೆ, ನಿಂತುಕೊಂಡು.

ಸೋಮವಾರ ಮಧ್ಯಾಹ್ನ ಪ್ರಯೋಗಾಲಯದಲ್ಲಿ ಎಲ್ಲರ ಜೊತೆ ಕೂತು ಊಟದ ಡಬ್ಬಿ ತೆರೆದೆ. ಒಳಗೆ ಊಟವಿರಲಿಲ್ಲ. ಒಂದು ಸುಕ್ಕಿಲ್ಲದ, ಒಂದು ಕಲೆಯಿಲ್ಲದ ಸಪೋಟವಿತ್ತು. ಪಕ್ಕದಲ್ಲಿ ಕೆಂಪು ಅಕ್ಷರದ ಚೀಟಿ: ‘ಬಳಕೆಯ ಸೂಚನೆ: ಉಳಿಸಿದವರೇ ತಿನ್ನಬೇಕು. ಮನೆಯಲ್ಲಿ ಇನ್ನೂ ಒಂಬತ್ತಿವೆ, ಅವಸರವೇನಿಲ್ಲ.’