ಎದುರಾಳಿಯ ಗುಡ್ಡೆಯಲ್ಲಿ ಕಾಯಿ ಆರಿಸಿದ್ದು

ನಮ್ಮ ತಿಪಟೂರಿಗೆ ದೊಡ್ಡ ಸೂಪರ್ ಮಾರ್ಕೆಟ್ ಕಂಪನಿಯೊಂದರ ಶಾಖೆ ಬಂತು. ಬಂದ ವಾರವೇ ನನ್ನ ದಿನಸಿ ಅಂಗಡಿಯ ಗಿರಾಕಿಗಳು ಕರಗತೊಡಗಿದರು. ನಾನು ಜಗ್ಗಲಿಲ್ಲ. ಎದುರಾಳಿಯ ಬಲ, ದೌರ್ಬಲ್ಯ, ನಮಗಿರುವ ಅವಕಾಶ, ಅಪಾಯ ಇವನ್ನು ಪಟ್ಟಿ ಮಾಡಿದರೆ ಎಂಥ ವ್ಯಾಪಾರವೂ ಉಳಿಯುತ್ತದೆಂದು ಎಲ್ಲೋ ಓದಿದ್ದೆ. ಹಳೇ ಕ್ಯಾಲೆಂಡರಿನ ಹಿಂಬದಿಯಲ್ಲಿ ನಾಲ್ಕು ಮನೆ ಗೀಚಿದೆ.

"ಅದೇನ್ರೀ, ಚೌಕಾಬಾರನಾ?" ಎಂದಳು ಹೆಂಡತಿ ಗಿರಿಜ.

"ವಾಣಿಜ್ಯ ಪರಿಸರದ ಕಾರ್ಯತಂತ್ರಾತ್ಮಕ ವಿಶ್ಲೇಷಣೆ ಕಣೇ."

"ಹಂಗಂದ್ರೆ?"

"ಅವರ ಅಂಗಡಿಗೆ ಹೋಗಿ ನೋಡ್ಕೊಂಡ್ ಬರೋದು."

"ಹಂಗೆ ನೆಟ್ಟಗೆ ಹೇಳಿ. ನೋಡಿ ಬನ್ನಿ, ಏನೂ ಮುಟ್ಟಬ್ಯಾಡಿ."

ನನ್ನ ಅಂಗಡಿಯ ಬಲವೆಂದರೆ ನನ್ನ ಕಿವಿ. ತೆಂಗಿನ ಸೀಮೆಯಲ್ಲೂ ತೋಟವಿಲ್ಲದ ಮೇಷ್ಟರು, ಬ್ಯಾಂಕಿನವರು ಕಾಯಿ ಕೊಳ್ಳಲೇಬೇಕಲ್ಲ. ಕಿವಿಯ ಹತ್ತಿರ ಅಲ್ಲಾಡಿಸಿ, ಉಗುರಲ್ಲಿ ತಟ್ಟಿ, ಚಟ್ನಿಗೆ ಯಾವುದು, ಒಬ್ಬಟ್ಟಿಗೆ ಯಾವುದು ಅಂತ ಆರಿಸಿ ಕೊಡುತ್ತೇನೆ. ಕಾಯಿಗೆ ಬಂದವರು ಹಾಗೇ ಬೇಳೆ, ಸೋಪು ಒಯ್ಯುತ್ತಾರೆ. ಅದರ ಮೇಲೇ ನಮ್ಮ ಸಂಸಾರ ನಿಂತಿದೆ.

ಮಾಸ್ಕು, ಟೋಪಿ ಧರಿಸಿ ಗೂಢಚಾರನಾಗಿ ಒಳಹೊಕ್ಕೆ. ಚೀಟಿಯಲ್ಲಿ ಬರೆದುಕೊಂಡೆ: "ಬಲ: ತಣ್ಣಗಿದೆ." ಮುಂದೆ ತೆಂಗಿನಕಾಯಿಯ ಗುಡ್ಡೆ. ಎಳೆಯದು, ಬಲಿತದ್ದು, ಕೊಳೆತದ್ದು ಎಲ್ಲ ಒಟ್ಟಿಗೆ. ಆರಿಸಿಕೊಡಲು ಒಬ್ಬನೂ ಇಲ್ಲ. ದೌರ್ಬಲ್ಯ ಸಿಕ್ಕಿತು! ಬುದ್ಧಿವಂತನಾಗಿದ್ದರೆ ಅಲ್ಲಿಂದಲೇ ಮನೆಗೆ ಹೊರಡುತ್ತಿದ್ದೆ.

ಆದರೆ ನನ್ನ ಹಳೇ ಗಿರಾಕಿ ಸರೋಜಾ ಮೇಡಂ ಬಂದು ಒಂದು ಒಣಗಿದ ಕಾಯಿಯನ್ನು ಬುಟ್ಟಿಗೆ ಹಾಕಿಕೊಂಡರು. ಕಣ್ಣೆದುರೇ ಒಬ್ಬರು ಕೆಟ್ಟ ಕಾಯಿ ಒಯ್ಯುವುದನ್ನು ನೋಡಿ ಸುಮ್ಮನಿರಲು ಈ ನೆಲದಲ್ಲಿ ಹುಟ್ಟಿದವನಿಗೆ ಆಗುತ್ತದೆಯೇ? ಕೈ ನನ್ನ ಮಾತು ಕೇಳದೆ ಗುಡ್ಡೆಯಿಂದ ಒಂದು ಕಾಯಿ ಎತ್ತಿ ತಟ್ಟಿತು.

"ಬುಡಿ ಮೇಡಂ, ಅದ್ರಲ್ಲಿ ನೀರಿಲ್ಲ. ಇದು ತಗಳಿ."

"ಬಸಣ್ಣ ನೀವಾ? ಮಾಸ್ಕಲ್ಲಿ ಗೊತ್ತಾಗ್ಲಿಲ್ಲ. ಕಾಯಿ ತಟ್ಟಿದ್ ಮೇಲೆ ಗೊತ್ತಾಯ್ತು."

ಪಕ್ಕದವರು "ನಮಗೂ ಒಂದು ನೋಡಿ" ಎಂದರು. ಅವರ ಹಿಂದೆ ಇನ್ನಿಬ್ಬರು. ಸಾಲು ಬೆಳೆಯಿತು. ಮ್ಯಾನೇಜರ್ ಓಡಿಬಂದ. ಹೊರಗೆ ದಬ್ಬುತ್ತಾನೆಂದು ಹೆದರಿದೆ. ಅವನು ಸ್ಟೂಲ್ ತಂದುಕೊಟ್ಟ! ಆಮೇಲೆ ಮೈಕಿನಲ್ಲಿ, "ಗ್ರಾಹಕರೇ, ತೆಂಗಿನಕಾಯಿ ಪರೀಕ್ಷೆ ಉಚಿತ" ಎಂದು ಸಾರಿದ. ನಿಜ ಹೇಳಬೇಕೆಂದರೆ, ನನಗೆ ತುಂಬ ಖುಷಿಯಾಯಿತು.

ಮಧ್ಯಾಹ್ನದ ಹೊತ್ತಿಗೆ ಗುಡ್ಡೆ ಖಾಲಿ. ತಲೆಯೆತ್ತಿ ನೋಡಿದರೆ, ಕಾಯಿ ಆರಿಸಿಕೊಂಡ ನನ್ನ ಗಿರಾಕಿಗಳೆಲ್ಲ ಅಲ್ಲೇ ಬೇಳೆ, ಸೋಪು ತುಂಬಿಕೊಂಡು ಬಿಲ್ಲಿಗೆ ನಿಂತಿದ್ದರು. ಸ್ಟೂಲಿನಿಂದ ದಡಕ್ಕನೆ ಎದ್ದೆ. ಇನ್ನು ಸತ್ತರೂ ಆ ಹೊಸ್ತಿಲು ತುಳಿಯಬಾರದೆಂದು ಆಣೆ ಹಾಕಿಕೊಂಡು ಬಂದೆ.

ಮರುದಿನ ಅಂಗಡಿ ತೆಗೆಯುತ್ತಿದ್ದಂತೆ ಸರೋಜಾ ಮೇಡಂ ಬಂದರು. ಗಿರಾಕಿ ಮರಳಿದರೆಂದು ಕಣ್ಣು ಒದ್ದೆಯಾಯಿತು. ಒಳ್ಳೇ ಕಾಯೊಂದನ್ನು ಕೈಗೆತ್ತಿಕೊಂಡೆ.

"ಇಲ್ಲಿ ಬೇಡ ಬಸಣ್ಣ, ಅಲ್ಲಿ ಇವತ್ತು ಎರಡು ಕಾಯಿಗೆ ಅರ್ಧ ಕೇಜಿ ಬೆಲ್ಲ ಫ್ರೀ. ನೀವು ಎಷ್ಟೊತ್ತಿಗೆ ಬತ್ತೀರಾ ಅಲ್ಲಿಗೆ?"

ನಾನು ಬಾಯಿ ತೆರೆಯುವ ಮೊದಲೇ ಒಳಗಿನಿಂದ ಗಿರಿಜ ಕೂಗಿ ಹೇಳಿದಳು: "ಹತ್ತಕ್ಕೆ ಕಳಿಸ್ತೀನಿ ಮೇಡಂ. ರೀ, ನಮಗೂ ಎರಡು ಆರಿಸ್ಕೊಂಡ್ ಬನ್ನಿ."