ಮೀನು ಕಾಣುವ ಪರದೆಗೆ ಎಷ್ಟು ಇಂಚು?

“ಯಾವ ಸೈಜು ಕೊಡಲಿ?” ಎಂದು ಅಂಗಡಿಯವರು ಕೇಳಿದ ಕೂಡಲೇ ನನ್ನ ತಲೆಯೊಳಗಿನ ಗಿರಣಿ ನಿಂತುಬಿಡುತ್ತದೆ. ಇದು ನನ್ನ ಹುಟ್ಟುಗುಣ. ಚಪ್ಪಲಿ ಕೊಳ್ಳಲು ಹೋದರೆ ಎಂಟನೆಯ ನಂಬರು ಬಿಗಿ, ಒಂಬತ್ತನೆಯದು ಸಡಿಲ. ಅಂಗಿಯಾದರೆ ಒಂದು ಹೆಗಲಿಗೆ ಕೂರುತ್ತದೆ, ಇನ್ನೊಂದು ಹೊಟ್ಟೆಗೆ ಕೂರುತ್ತದೆ. ಎರಡಕ್ಕೂ ಕೂರುವಂಥದ್ದನ್ನು ಇನ್ನೂ ಯಾರೂ ಹೊಲಿದಿಲ್ಲ. ನನ್ನ ಹೆಂಡತಿ ಶಾಂತಾ ಪ್ರಾಥಮಿಕ ಶಾಲೆಯ ಶಿಕ್ಷಕಿ, ಕಣ್ಣಿನಿಂದಲೇ ಅರವತ್ತು ಮಕ್ಕಳನ್ನು ಸುಮ್ಮನಾಗಿಸಬಲ್ಲವಳು. ಅಂಗಡಿಯಲ್ಲಿ ಅವಳು ನನ್ನನ್ನು ಮೇಲಿನಿಂದ ಕೆಳಗೆ ಒಮ್ಮೆ ನೋಡಿ, “ಇದನ್ನ ಕಟ್ರಿ” ಎಂದುಬಿಡುತ್ತಾಳೆ. ಅದು ಸರಿಯಾಗಿಯೇ ಇರುತ್ತದೆ. ಹೀಗೆ ಅಳತೆಯ ಜವಾಬ್ದಾರಿಯನ್ನೆಲ್ಲ ಅವಳ ತಲೆಗೆ ಕಟ್ಟಿ ನೆಮ್ಮದಿಯಾಗಿದ್ದ ನಾನು, ಐವತ್ತು ದಾಟಿದ ಮೇಲೆ, ಅವಳಿಗೂ ಗೊತ್ತಿಲ್ಲದ ಒಂದು ವಸ್ತುವಿನ ಅಳತೆಗೆ ಸಿಕ್ಕಿಬಿದ್ದೆ. ಅದು ಮೀನು ಹುಡುಕುವ ಯಂತ್ರದ ಪರದೆ.

ಮೊದಲು ನನಗೂ ಮೀನಿಗೂ ಸಂಬಂಧ ಹೇಗೆ ಬಂತೆಂದು ಹೇಳಬೇಕು. ನಾನು ಶಹಾಪುರದಲ್ಲಿ ಕಾಲುವೆ ಕಚೇರಿಯ ಗುಮಾಸ್ತ. ಯಾವ ಕಾಲುವೆಗೆ ಎಂದು ನೀರು ಬಿಡಬೇಕು, ಎಂದು ನಿಲ್ಲಿಸಬೇಕು ಎಂಬ ಪತ್ರಗಳನ್ನು ಟೈಪು ಮಾಡುತ್ತಲೇ ತಲೆ ಬೆಳ್ಳಗಾದವನು. ಇಷ್ಟು ವರ್ಷ ನೀರಿನ ಬಗ್ಗೆ ಬರೆದರೂ ಮೊಣಕಾಲಿನವರೆಗೆ ನೀರಿಗೆ ಇಳಿದವನಲ್ಲ. ಹೀಗಿರುವಾಗ ಕಲಬುರಗಿಯಲ್ಲಿರುವ ಶಾಂತಾಳ ತಮ್ಮ ಒಂದು ಕಯಾಕ್ ಕೊಂಡ. ಒಬ್ಬರೇ ಕುಳಿತು ಹುಟ್ಟು ಹಾಕುವ, ಉದ್ದನೆಯ ಪ್ಲಾಸ್ಟಿಕ್ ದೋಣಿ ಅದು. ಮೊದಲ ದಿನವೇ ನೀರಿಗೆ ಬಿದ್ದ. ಎರಡನೆಯ ದಿನ ಅದನ್ನು ಟೆಂಪೋದಲ್ಲಿ ಹಾಕಿ, “ಮಾಮಾಗ ಬಿ.ಪಿ. ಅದ, ವ್ಯಾಯಾಮ ಆಗ್ತದ” ಎಂದು ನಮ್ಮ ಮನೆಗೆ ಕಳಿಸಿಬಿಟ್ಟ. ಮಾವಿನಹಣ್ಣಿನ ಹಳದಿ ಬಣ್ಣದ ಆ ದೋಣಿ ಟೆಂಪೋದಿಂದ ಇಳಿದಾಗ ಓಣಿಯೆಲ್ಲ ಸೇರಿತು. ಎದುರು ಮನೆಯ ಅಜ್ಜ ಅದನ್ನು ಕೋಲಿನಿಂದ ತಟ್ಟಿ ನೋಡಿ, “ದನಕ್ಕ ನೀರಿಡೋ ಬಾನಿ ಛಲೋ ಅದ. ಆದ್ರ ಎಷ್ಟ ದನ ಅದಾವ್ರಿ ನಿಮ್ಮವು?” ಎಂದು ವಿಚಾರಿಸಿದ. ನಮಗೆ ಒಂದು ಬೆಕ್ಕೂ ಇಲ್ಲ.

ನನಗೆ ಹುಟ್ಟು ಹಾಕಲು ಕಲಿಸಿದವನು ಭೀಮಣ್ಣ. ಊರಾಚೆಯ ಕೆರೆಯಲ್ಲಿ ಬಲೆ ಹಾಕಿ ಬದುಕುವವನು. ಕಾಲುವೆ ಬಂದ ಮೇಲೆ ಆ ಕೆರೆ ಬೇಸಿಗೆಯಲ್ಲೂ ಪೂರ್ತಿ ಒಣಗುವುದಿಲ್ಲ. ಸುತ್ತಲ ಭತ್ತದ ಗದ್ದೆಗಳಿಂದ ಬಸಿದ ನೀರೆಲ್ಲ ಅಲ್ಲಿಗೇ ಬರುತ್ತದೆ. ಭೀಮಣ್ಣ ತನ್ನ ದುಂಡನೆಯ ಹರಗೋಲಿನಲ್ಲಿ ಕುಳಿತು, ನೀರಿನ ಮೇಲೆ ಏಳುವ ಗುಳ್ಳೆ ನೋಡಿ, ಹಕ್ಕಿ ಮುಳುಗುವ ಜಾಗ ನೋಡಿ ಮೀನು ಎಲ್ಲಿದೆಯೆಂದು ಹೇಳುತ್ತಿದ್ದ. ನಾನು ಅವನ ಪಕ್ಕದಲ್ಲೇ ಕಯಾಕಿನಲ್ಲಿ ಗಾಳ ಹಾಕಿ ಕೂರುತ್ತಿದ್ದೆ. ಭಾನುವಾರಗಳು ಒಂದರ ಹಿಂದೆ ಒಂದು ಕಳೆದರೂ ಒಂದು ಮೀನೂ ನನ್ನ ಗಾಳಕ್ಕೆ ಬಾಯಿ ಹಾಕಲಿಲ್ಲ. “ಗುಳ್ಳಿ ಕಾಣ್ತಾವೇನ್ರಿ ಸಾಹೇಬ್ರ, ಅಲ್ಲಿ?” ಎಂದು ಅವನು ಬೆರಳು ತೋರಿಸಿದಾಗಲೆಲ್ಲ, “ಕಾಣ್ತಾವ, ಕಾಣ್ತಾವ” ಎನ್ನುತ್ತಿದ್ದೆ. ನಿಜ ಹೇಳಬೇಕೆಂದರೆ ನನಗೆ ಕಾಣುತ್ತಿದ್ದುದು ಬಿಸಿಲಿನಲ್ಲಿ ಕಾದ ತಗಡಿನ ಹಾಗೆ ಹೊಳೆಯುವ ನೀರು ಮಾತ್ರ.

ಆಗಲೇ ಮೊಬೈಲಿನಲ್ಲಿ ಫಿಶ್ ಫೈಂಡರ್ ಎಂಬ ಯಂತ್ರದ ವಿಡಿಯೊ ನೋಡಿದ್ದು. ದೋಣಿಯ ಅಡಿಗೆ ಕಟ್ಟಿದ ಒಂದು ಗುಂಡು ನೀರಿನೊಳಗೆ ಸದ್ದು ಕಳಿಸುತ್ತದೆ. ತಳಕ್ಕೋ ಮೀನಿಗೋ ಬಡಿದು ಮರಳಿದ ಆ ಸದ್ದು ನಮ್ಮ ಮುಂದಿನ ಪರದೆಯ ಮೇಲೆ ಚಿತ್ರವಾಗುತ್ತದೆ. ನೀರು ಎಷ್ಟು ಆಳ, ಕಲ್ಲು ಎಲ್ಲಿ, ಮೀನು ಎಲ್ಲಿ, ಎಲ್ಲ ಕಾಣುತ್ತದಂತೆ. ಮೀನು ಬಿಲ್ಲಿನ ಹಾಗೆ ಬಾಗಿದ ಗೆರೆಯಾಗಿ ಮೂಡುತ್ತದಂತೆ. ದೇವರು ನನಗಾಗಿಯೇ ಮಾಡಿಸಿದ ಯಂತ್ರ ಎನ್ನಿಸಿತು. ತರಿಸಿಕೊಳ್ಳಲು ಹೊರಟರೆ ಕೇಳಿತು ನೋಡಿ ಅದೇ ಹಳೆಯ ಪ್ರಶ್ನೆ: ಐದು ಇಂಚೋ, ಏಳೋ, ಒಂಬತ್ತೋ?

ಹದಿನೈದು ದಿನ ಊಟ ರುಚಿಸಲಿಲ್ಲ. ಐದು ಇಂಚಿನದು ಹಗುರ, ಸಣ್ಣ ಬ್ಯಾಟರಿ ಸಾಕು, ಕಯಾಕಿನಲ್ಲಿ ಜಾಗ ತಿನ್ನುವುದಿಲ್ಲ. ಆದರೆ ಅದರೊಳಗಿನ ಅಂಕಿಗಳು ಇರುವೆಯ ಮರಿಗಳು. ಒಂಬತ್ತು ಇಂಚಿನದು ಗೋಡೆಯ ಕ್ಯಾಲೆಂಡರಿನಷ್ಟು ಸ್ಪಷ್ಟ. ಆದರೆ ಭಾರ, ಅದರ ಬ್ಯಾಟರಿ ಇನ್ನೂ ಭಾರ. ಏಳು ಇಂಚಿನದು ನನ್ನ ಹಾಗೆ, ಆ ಕಡೆಗೂ ಇಲ್ಲ, ಈ ಕಡೆಗೂ ಇಲ್ಲ. ಕಚೇರಿಯಲ್ಲಿ ಒಂದು ಪತ್ರ ಟೈಪು ಮಾಡುವಾಗ ‘ಕಾಲುವೆಗೆ ಏಳು ಇಂಚು ನೀರು ಬಿಡತಕ್ಕದ್ದು’ ಎಂದು ಹೊಡೆದು ಸಾಹೇಬರಿಂದ ಬೈಸಿಕೊಂಡೆ.

ಕೊನೆಗೆ ಶಾಂತಾಳಿಗೇ ಸಾಕಾಯಿತು. ಒಂದು ಶನಿವಾರ ಮಧ್ಯಾಹ್ನ ಶಾಲೆಯಿಂದ ಬಂದವಳೇ ಸೀರೆಯ ಡಬ್ಬಿಯ ರಟ್ಟನ್ನು ಮೂರು ಅಳತೆಗೆ ಕತ್ತರಿಸಿದಳು. ಯಂತ್ರದ ಚಿತ್ರ ನೋಡಿ ಅದರಲ್ಲಿರುವಷ್ಟೇ ದೊಡ್ಡ ಅಂಕಿಗಳನ್ನು ಪೆನ್ನಿನಿಂದ ಬರೆದಳು. ಕಯಾಕನ್ನು ಪಡಸಾಲೆಗೆ ಎಳೆದು ತಂದು, “ಕೂಡ್ರಿ ಇದರಾಗ” ಎಂದಳು. ನಾನು ಲೈಫ್ ಜಾಕೆಟ್ ಹಾಕಿಕೊಂಡು, ಹುಟ್ಟು ಹಿಡಿದು, ನಮ್ಮ ಮನೆಯ ಕಡಪಾ ಕಲ್ಲಿನ ನೆಲದ ಮೇಲೆ ಗಂಭೀರವಾಗಿ ತೇಲತೊಡಗಿದೆ. ಅವಳು ಒಂಬತ್ತು ಇಂಚಿನ ರಟ್ಟನ್ನು ಮುಂದೆ ಇಟ್ಟಳು. ಹುಟ್ಟು ಬೀಸಿದೆ, ರಟ್ಟು ಹಾರಿ ಟಿ.ವಿ.ಯ ಹಿಂದೆ ಬಿತ್ತು. ಏಳು ಇಂಚಿನದು ಇಟ್ಟಳು.

“ಏನ್ ಬರದೀನಿ, ಓದ್ರಿ.”

“ಎಂಟು… ಇಲ್ಲ, ಮೂರು. ಅಳಿಸ್ಯಾದ ಏನ ಅದು?”

“ಐದು ಇಂಚಿಂದು ನೋಡ್ರಿ.”

“ಇದರಾಗ ಏನೂ ಬರದೇ ಇಲ್ಲಲ್ಲ ನೀ.”

ಶಾಂತಾ ನಗಲಿಲ್ಲ. ಹತ್ತಿರ ಬಂದು ನನ್ನ ಬಲಗಣ್ಣನ್ನು ಅಂಗೈಯಿಂದ ಮುಚ್ಚಿದಳು. “ಈಗ ಹೇಳ್ರಿ, ರಟ್ಟ ಎಲ್ಲಿ ಅದ?” ಎಂದಳು. ನನ್ನ ಎಡಗಣ್ಣಿನ ಮುಂದೆ ಹಾಲು ಚೆಲ್ಲಿದಂತೆ ಇತ್ತು. ಅದರಲ್ಲಿ ಶಾಂತಾಳ ಸೀರೆಯ ಬಣ್ಣವಷ್ಟೇ ತಿಳಿಯುತ್ತಿತ್ತು, ರಟ್ಟು ಇರಲಿಲ್ಲ. “ಕೈಯಾಗ ಹಿಡಕೊಂಡೀನ್ರಿ, ನಿಮ್ಮ ಮೂಗಿನ ಮುಂದ” ಎಂದಳು. ಅವಳ ದನಿ ಸಣ್ಣಗಾಗಿತ್ತು. “ಪರದಿ ಸಣ್ಣದಾಗಿಲ್ರಿ. ಸೋಮವಾರ ಯಾದಗಿರಿಗೆ ಹೋಗಿ ಕಣ್ಣು ತೋರಸೋಣ.”

ಇಲ್ಲಿ ನಾನೊಂದು ತಪ್ಪೊಪ್ಪಿಗೆ ಮಾಡಲೇಬೇಕು. ಇದು ನನಗೆ ಗೊತ್ತಿರಲಿಲ್ಲವೆಂದಲ್ಲ. ಚಹಾಕ್ಕೆ ಸಕ್ಕರೆಯೆಂದು ಉಪ್ಪು ಹಾಕಿದ್ದೆ. ಬಸ್ಸಿನ ಬೋರ್ಡು ಓದಲಾಗದೆ ಸುರಪುರದ ಬಸ್ಸು ಹತ್ತಿ ಮದುವೆಯೊಂದನ್ನು ತಪ್ಪಿಸಿಕೊಂಡಿದ್ದೆ. ಎಲ್ಲದಕ್ಕೂ ಒಂದೊಂದು ನೆಪ ಹೇಳುತ್ತಾ ಬಂದಿದ್ದೆ. ಯಾಕೆಂದರೆ ಮುದನಾಳದಲ್ಲಿ ಒಕ್ಕಲುತನ ಮಾಡಿಕೊಂಡಿದ್ದ ನಮ್ಮಪ್ಪನಿಗೆ ಕಡೆಗಾಲದಲ್ಲಿ ಎರಡೂ ಕಣ್ಣು ಹೋಗಿದ್ದವು. ಮನೆಯಿಂದ ಹೊಲದವರೆಗೆ ಗೂಟ ನೆಟ್ಟು ಹಗ್ಗ ಕಟ್ಟಿಸಿಕೊಂಡಿದ್ದ. ಆ ಹಗ್ಗ ಹಿಡಿದು ಹೋಗಿ, ಜೋಳದ ತೆನೆಗಳನ್ನು ಮುಟ್ಟಿ ಮುಟ್ಟಿ ನೋಡಿ ಬರುತ್ತಿದ್ದ. “ನಮ್ಮ ಮನಿತನದ ಕಣ್ಣ ಇಷ್ಟಪಾ, ಹೋಗ್ತಾವ” ಎಂದು ನನಗೆ ಹೇಳಿದ್ದ. ಡಾಕ್ಟರ ಹತ್ತಿರ ಹೋಗದಿದ್ದರೆ ಆ ಮಾತು ನಿಜವಾಗುವುದಿಲ್ಲ ಎಂಬುದು ನನ್ನ ತರ್ಕ. ಅದಕ್ಕೇ ಪರದೆಯನ್ನು ದೊಡ್ಡದು ಮಾಡುತ್ತಾ ಹೊರಟಿದ್ದೆ.

“ಮೊದಲ ಯಂತ್ರ ಬರಲಿ, ಆಮ್ಯಾಲ ನೋಡೋಣ” ಎಂದು ಹೇಳಿ ಮರುದಿನ ಬೆಳಿಗ್ಗೆ ಕೆರೆಗೆ ಓಡಿಹೋದೆ. ಒಂಬತ್ತು ಇಂಚಿನದನ್ನೇ ತರಿಸುವುದೆಂದು ಹುಟ್ಟಿನ ಒಂದೊಂದು ಬೀಸಿಗೂ ನಿಶ್ಚಯ ಮಾಡಿಕೊಳ್ಳುತ್ತಿದ್ದೆ. ಎಡಗಡೆಯಿಂದ ಯಾರೋ ಕೂಗುತ್ತಿದ್ದರು. ನನಗಲ್ಲವೆಂದುಕೊಂಡು ಇನ್ನಷ್ಟು ಜೋರಾಗಿ ಹುಟ್ಟು ಹಾಕಿದೆ. ಕಯಾಕ್ ಗಕ್ಕನೆ ನಿಂತಿತು. ನೋಡಿದರೆ ಭೀಮಣ್ಣ ನಸುಕಿನಲ್ಲಿ ಬಿಟ್ಟ ಬಲೆಯ ನಟ್ಟನಡುವೆ ನುಗ್ಗಿದ್ದೆ. ಬಲೆ ಹರಿದಿತ್ತು. ಅವನು ಹರಗೋಲು ತಿರುಗಿಸುತ್ತಾ ಬಂದ.

“ಅಲ್ರಿ ಸಾಹೇಬ್ರ, ಇಷ್ಟ ಒದರಾಕತ್ತೀನಿ! ಇಷ್ಟ ದೊಡ್ಡ ಬಿಳಿ ಬೆಂಡು ತೇಲ್ಯಾಡಾಕತ್ತಾವ, ಕಾಣಲಿಲ್ಲೇನ್ರಿ?”

ನೆಪವೊಂದೂ ಹೊಳೆಯಲಿಲ್ಲ. “ಇಲ್ಲ ಭೀಮಣ್ಣ, ಕಾಣಲಿಲ್ಲ. ಗುಳ್ಳಿನೂ ಒಂದಿನ ಕಂಡಿಲ್ಲ” ಎಂದುಬಿಟ್ಟೆ.

ಅವನ ಸಿಟ್ಟು ಅಲ್ಲೇ ಇಳಿಯಿತು. ಹರಿದ ಬಲೆಯನ್ನು ಮಡಿಲಿಗೆ ಎಳೆದುಕೊಂಡ. “ನಿಮಗ ಮೀನ ಕಾಣೋ ಮಿಷನ್ ಬ್ಯಾಡ್ರಿ, ಬಲಿ ಕಾಣೋ ಕಣ್ಣ ಬೇಕ್ರಿ” ಎಂದ. “ಬಲಿ ನಾ ಹೊಲ್ಕೋತೀನಿ. ನೀವ ದವಾಖಾನಿಗೆ ಹೋಗ್ರಿ. ಹೋಗದಂಗ ನೀರಿಗೆ ಬಂದ್ರ ನಾನ ದಬ್ಬತೀನಿ ನೋಡ್ರಿ.” ಸಾಹೇಬ್ರ ಎಂದು ಕರೆಯುವವನಿಂದ ಇಂಥ ಬೆದರಿಕೆ ಬಂದ ಮೇಲೆ ಇನ್ನೇನಿದೆ?

ಯಾದಗಿರಿಯ ಕಣ್ಣಿನ ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ದೀಪ ಹಿಡಿದು ನೋಡಿ, “ಮೋತಿಬಿಂದು, ಅಂದ್ರ ಕಣ್ಣಾಗ ಪೊರಿ ಅದ ರಿ. ಎಡಗಣ್ಣಾಗ ಪೂರಾ ಹಣ್ಣಾಗ್ಯಾದ. ತಗದ್ರ ಛಲೋ ಕಾಣ್ತದ” ಎಂದರು, ಹಲ್ಲಿನಲ್ಲಿ ಸಿಕ್ಕ ಅಡಿಕೆಚೂರನ್ನು ತೆಗೆಯುವ ಮಾತಿನ ಹಾಗೆ. ನಾನು ಅಪ್ಪನ ಕಥೆ ಹೇಳಿದೆ. ಹಗ್ಗದ ಮಾತನ್ನೂ ಹೇಳಿದೆ. ಅವರು ಬರೆಯುತ್ತಿದ್ದ ಪೆನ್ನು ಕೆಳಗಿಟ್ಟು, “ನಾ ನೋಡಿಲ್ಲ, ಖಾತ್ರಿ ಹೇಳಾಕ ಬರಂಗಿಲ್ಲ. ನೀವು ಹೇಳೋದ ನೋಡಿದ್ರ ಅವರಿಗೂ ಇದೇ ಆಗಿರಬಹುದ್ರಿ” ಎಂದರು. ನನ್ನ ಮನೆತನದ ಶಾಪವೆಂದು ನಾನು ಇಷ್ಟು ವರ್ಷ ಹೊತ್ತದ್ದು ಒಂದು ಮುಂಜಾನೆಯಲ್ಲಿ ಮುಗಿಯುವ ಕೆಲಸವಾಗಿತ್ತು. ನನಗೆ ಸಮಾಧಾನವಾಯಿತು, ಅಪ್ಪನನ್ನು ನೆನೆದು ಅಳುವೂ ಬಂತು. ಶಾಂತಾ ನನ್ನ ಕೈ ಹಿಡಿದುಕೊಂಡೇ ಹೊರಗೆ ಕರೆತಂದಳು.

ಎಡಗಣ್ಣಿನ ಆಪರೇಶನ್ ಆದ ಮರುದಿನ ಪಟ್ಟಿ ಬಿಚ್ಚಿದರು. ಮೊದಲು ಕಂಡದ್ದು ಶಾಂತಾಳ ಮುಖ. ಅವಳ ಕಿವಿಯ ಪಕ್ಕ ಇಷ್ಟೊಂದು ಬೆಳ್ಳಿಗೂದಲು ಯಾವಾಗ ಬಂದವು? ಕೇಳಬಾರದ ಪ್ರಶ್ನೆ, ಕೇಳಿಬಿಟ್ಟೆ. “ಕಣ್ಣ ಪೂರಾ ಛಲೋ ಆಗ್ಯಾದ ನೋಡ್ರಿ, ಮೊದಲಿನಂಗ ಇದ್ರ ಚಂದಿತ್ತು” ಎಂದು ಅವಳು ಅಳುತ್ತಲೇ ನಕ್ಕಳು. ಬಸ್ಸಿನಲ್ಲಿ ಮರಳುವಾಗ ಭತ್ತದ ಗದ್ದೆಗಳು ಕಣ್ಣು ಕೋರೈಸುವಷ್ಟು ಹಸಿರಾಗಿದ್ದವು. ಊರು ಸಮೀಪಿಸಿದಂತೆ, ಮಲಗಿದ ಬುದ್ಧನ ಹಾಗೆ ಕಾಣುವ ನಮ್ಮೂರ ಬೆಟ್ಟ ಬಂತು. ಹಣೆ, ಮೂಗು, ತುಟಿ, ಎಲ್ಲ ಬೇರೆ ಬೇರೆಯಾಗಿ ಕಂಡವು. ಎಷ್ಟೋ ದಿನಗಳಿಂದ ಅದು ನನಗೆ ಬರೀ ಬೆಟ್ಟವಾಗಿತ್ತು. ಕೂತಲ್ಲೇ ಕೈ ಮುಗಿದೆ.

ನೀರಿಗಿಳಿಯಲು ಡಾಕ್ಟರು ಒಪ್ಪುವವರೆಗೆ ಕಾದೆ. ಐದು ಇಂಚಿನ ರಟ್ಟಿನ ಮೇಲಿನ ಅಂಕಿಗಳೆಲ್ಲ ನಿಚ್ಚಳವಾಗಿ ಓದಲು ಬಂದವು. “ಐದೇ ಇಂಚು ಸಾಕು” ಎಂದೆ. ನಾನು ಒಂದೇ ಮಾತಿನಲ್ಲಿ ತೀರ್ಮಾನಿಸಿದ್ದನ್ನು ಕಂಡು ಶಾಂತಾ, ಆಸ್ಪತ್ರೆಯವರು ಗಂಡನನ್ನೇ ಬದಲಿಸಿ ಕಳಿಸಿದರೇನೋ ಎಂಬಂತೆ ನೋಡಿದಳು.

ಯಂತ್ರ ಬಂದ ಭಾನುವಾರ ಕೆರೆಯ ನಡುವೆ ಗಾಳ ಬಿಟ್ಟು, ಪರದೆಯ ಮುಂದೆ ಕುಳಿತೆ. ಹದಿನಾಲ್ಕು ಅಡಿ ನೀರು. ತಳದಲ್ಲಿ ಕಲ್ಲು. ಅದರ ಮೇಲೆ ನಿಧಾನವಾಗಿ ಒಂದು ದಪ್ಪನೆಯ ಬಾಗಿದ ಗೆರೆ ಮೂಡಿತು. ಎಂಥ ಚೆಲುವಾದ ಬಾಗು! ಅಂಗೈಯಿಂದ ಬಿಸಿಲು ಮರೆ ಮಾಡಿ, ಬಗ್ಗಿ, ಎರಡೂ ಕಣ್ಣು ಅರಳಿಸಿ ಅದನ್ನೇ ನೋಡುತ್ತಾ ಮೈಮರೆತೆ. “ಸಾಹೇಬ್ರ! ಕೋಲು! ಕೋಲು!” ಎಂದು ಭೀಮಣ್ಣ ಕಿರುಚಿದಾಗ ತಲೆ ಎತ್ತಿದೆ. ನನ್ನ ಗಾಳದ ಕೋಲು ದೋಣಿಯಲ್ಲಿರಲಿಲ್ಲ. ಬೆಂಡಿನ ಹಿಡಿಯೊಂದನ್ನು ನೀರಿನ ಮೇಲೆ ತೋರಿಸುತ್ತಾ ಆ ದಂಡೆಯ ಕಡೆ ಹೊರಟುಹೋಗಿತ್ತು. ಭೀಮಣ್ಣ ಹಿಂದೆಯೇ ಹೋಗಿ, ಕೋಲು ಹಿಡಿದು, ಮೆಲ್ಲಗೆ ಎಳೆದು, ನನ್ನ ಮುಂಗೈಯುದ್ದದ ರೋಹು ಮೀನನ್ನು ಮೇಲೆತ್ತಿದ. ತಂದು ನನ್ನ ಕಾಲ ಬಳಿ ಹಾಕಿ, “ತಗೋರಿ, ನಿಮ್ಮ ಮೀನ” ಎಂದ. ನಾನು ಬೇಡವೆಂದರೂ ಕೇಳಲಿಲ್ಲ.

ಈಗ ಈ ವಿಷಯದಲ್ಲಿ ನನ್ನ ಹೆಸರು ಸ್ವಲ್ಪ ಹಬ್ಬಿದೆ. ಪರದೆ ಎಷ್ಟು ಇಂಚಿನದಿರಬೇಕೆಂದು ಕಚೇರಿಯಲ್ಲಿ ಯಾರಾದರೂ ಕೇಳಿದರೆ ಕುರ್ಚಿಗೆ ಒರಗಿ, “ಐದು ಇಂಚು ಧಾರಾಳ. ನಾನು ಮೊದಲ ದಿನವೇ ಒಂದು ರೋಹು ಹಿಡಿದೆ” ಎಂದು ವಿವರಿಸುತ್ತೇನೆ. ಮೊದಲು ಕಣ್ಣು ತೋರಿಸಿಕೊಳ್ಳಿ ಎಂದೂ ಮರೆಯದೆ ಸೇರಿಸುತ್ತೇನೆ. ಆ ಗಾಳದ ಒಂದು ಕೊನೆಯಲ್ಲಿ ರೋಹು ಇತ್ತು, ಇನ್ನೊಂದು ಕೊನೆಯಲ್ಲಿ ನಾನಿರಲಿಲ್ಲ ಎಂಬುದನ್ನು ಮಾತ್ರ ಯಾರೂ ಇದುವರೆಗೆ ಕೇಳಿಲ್ಲ; ಕೇಳದ ಪ್ರಶ್ನೆಗೆ ಉತ್ತರ ಟೈಪು ಮಾಡುವ ಪದ್ಧತಿ ನಮ್ಮ ಕಚೇರಿಯಲ್ಲಿ ಇಲ್ಲ.